ಊರಿನ ಹೆಸರು ಸಿಗುವ ತನಕ ಹಡಗು ಹತ್ತಬೇಡಿ

ಹೊಸಬರು ಯಾರಾದರೂ ಸಿಕ್ಕರೆ ನಾವು ಮೊದಲು ಕೇಳುವುದು ‘ನಿಮ್ಮದು ಯಾವೂರು?’ ಅಂತ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರನ್ನೂ ಬಿಡುವುದಿಲ್ಲ. ‘ಅದು ಸರಿ, ಮೂಲ ಯಾವೂರು?’ ಅಂತ ಮತ್ತೆ ಕೇಳುತ್ತೇವೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಸಮುದ್ರ ದಾಟಿ ಹೋದ ಜರ್ಮನರ ಮನೆತನ ಹುಡುಕುವ ಕೆಲಸ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ನನ್ನನ್ನು ಇದಕ್ಕೆ ಎಳೆದದ್ದು ಮೊಮ್ಮಗಳು. ಮಗಳು ಇರುವುದು ಅಮೆರಿಕದ ಮಿಶಿಗನ್‌ನಲ್ಲಿ, ಆನ್ ಆರ್ಬರ್ ಹತ್ತಿರ. ಅಳಿಯಂದಿರು ಅಲ್ಲಿಯವರೇ. ಮೊಮ್ಮಗಳಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದರು. ಅಮ್ಮನ ಕಡೆಯದು ಒಂದು ಫೋನಿನಲ್ಲಿ ಮುಗಿಯಿತು. ಶ್ರಾದ್ಧದಲ್ಲಿ ಹೇಳುವ ಮೂರು ತಲೆಮಾರು ಎಲ್ಲರಿಗೂ ಬಾಯಿಗೆ ಬರುತ್ತದೆ, ಅದರಾಚೆಯದು ನಮ್ಮ ಅತ್ತೆ ಬರೆಸಿಟ್ಟಿದ್ದ ನೋಟ್‌ಬುಕ್ಕಿನಲ್ಲಿತ್ತು. ಅಪ್ಪನ ಕಡೆಯದು ಮಾತ್ರ ಬೀಗರ ಅಜ್ಜನ ಹತ್ತಿರ ಬಂದು ನಿಂತುಬಿಟ್ಟಿತು. ಅದರ ಮೇಲಿನ ಚೌಕದಲ್ಲಿ ಮಗು ‘ಜರ್ಮನಿ’ ಅಂತ ಬರೆದಿತ್ತು. ಮನುಷ್ಯನ ಹೆಸರು ಇರಬೇಕಾದ ಜಾಗದಲ್ಲಿ ಒಂದು ದೇಶದ ಹೆಸರು. ಮೂವತ್ತಮೂರು ವರ್ಷ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿದವಳು ನಾನು. ಆ ಚೌಕವನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಬೀಗರನ್ನು ಕೇಳಿದೆ. ಅವರ ಮನೆಯಲ್ಲಿ ಒಂದು ಕಥೆ ನಡೆದುಕೊಂಡು ಬಂದಿದೆ. ಮುತ್ತಜ್ಜ ಹ್ಯಾಂಬರ್ಗ್‌ನಿಂದ ಹಡಗು ಹತ್ತಿದರು, ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದ ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದಲ್ಲಿ ಇಳಿದರು, ಅಲ್ಲಿಯ ಅಧಿಕಾರಿಗೆ ಜರ್ಮನ್ ಹೆಸರು ಬರೆಯಲು ಬರದೆ ‘ಕಾರ್ಪೆಂಟರ್’ ಅಂತ ಬರೆದುಬಿಟ್ಟ. ಕೇಳಲು ಚೆನ್ನಾಗಿದೆ, ಅಲ್ವಾ? ಹುಡುಕುತ್ತಾ ಹೋದಾಗ ಈ ಮೂರರಲ್ಲಿ ಒಂದೂ ನಿಜವಲ್ಲ ಅಂತ ಗೊತ್ತಾಯಿತು. ಆದರೂ ಮನೆಯ ಕಥೆಯನ್ನು ಎಸೆಯಬೇಡಿ, ಮೊದಲು ಬರೆದಿಟ್ಟುಕೊಳ್ಳಿ. ‘ಕಾರ್ಪೆಂಟರ್’ ಅನ್ನುವ ಆ ಪದವೇ ಮುಂದೆ ದಾರಿ ತೋರಿಸಿತು.

ಮೊದಲು ಹೋದವರು ಎಷ್ಟು ಜನ ಅಂತ ನೋಡಿ. 1820ರಿಂದ ಮೊದಲ ಮಹಾಯುದ್ಧದ ತನಕ ಅಮೆರಿಕಕ್ಕೆ ಹೋದ ಜರ್ಮನರು ಐವತ್ತು ಲಕ್ಷಕ್ಕೂ ಜಾಸ್ತಿ. 1854 ಒಂದೇ ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು, 1882ರಲ್ಲಿ ಸುಮಾರು ಎರಡೂವರೆ ಲಕ್ಷ. ನಮ್ಮ ಸುತ್ತಲಿನ ಹೆಸರುಗಳನ್ನೇ ನೋಡಿ. ಜೀನ್ಸ್‌ನ ಲೀವೈ ಸ್ಟ್ರಾಸ್ ಬವೇರಿಯಾದ ಬುಟೆನ್‌ಹೈಮ್ ಅನ್ನುವ ಹಳ್ಳಿಯವರು, ಹುಟ್ಟಿದಾಗ ಹೆಸರು ಲೋಬ್. ವಿಮಾನದ ಬೋಯಿಂಗ್ ಕಂಪನಿ ಕಟ್ಟಿದವರ ಅಪ್ಪ ಹೋಹನ್‌ಲಿಂಬುರ್ಗ್‌ನವರು. ಪಿಯಾನೋದ ಸ್ಟೈನ್‌ವೇ ಮನೆತನ ಸೀಸನ್ ಎಂಬ ಊರಿನದು, ಅಲ್ಲಿ ಅವರು ‘ಸ್ಟೈನ್‌ವೆಗ್’.

ಯಾಕೆ ಹೋದರು? ನೈರುತ್ಯ ಜರ್ಮನಿಯ ವುರ್ಟೆಂಬರ್ಗ್, ಬಾಡೆನ್, ಪಾಲಟಿನೇಟ್ ಕಡೆ ಅಪ್ಪನ ಜಮೀನು ಎಲ್ಲ ಮಕ್ಕಳಿಗೂ ಸಮ ಪಾಲಾಗುತ್ತಿತ್ತು. ನಮ್ಮಲ್ಲಿ ಏನಾಗುತ್ತದೆ ನಿಮಗೇ ಗೊತ್ತು. ಎರಡು ಮೂರು ತಲೆಮಾರಿಗೆ ಎತ್ತು ತಿರುಗಿಸಲೂ ಜಾಗ ಇರುವುದಿಲ್ಲ. ಅದರ ಮೇಲೆ ಬರ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮುಂದಿನ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಕೊಳೆಯಿತು. 1817ರಲ್ಲಿ ವುರ್ಟೆಂಬರ್ಗ್‌ನಿಂದ ಜನ ಹಿಂಡು ಹಿಂಡಾಗಿ ಹೊರಟರು. ಸರ್ಕಾರ ಫ್ರೆಡ್ರಿಕ್ ಲಿಸ್ಟ್ ಎಂಬ ಅಧಿಕಾರಿಯನ್ನು ಹೈಲ್‌ಬ್ರಾನ್‌ಗೆ ಕಳಿಸಿ, ಹೊರಟವರನ್ನು ‘ಯಾಕೆ ಹೋಗುತ್ತಿದ್ದೀರಿ’ ಅಂತ ಕೇಳಿ ಬರೆಸಿಕೊಂಡಿತು. ಮುಂದೆ ಅವರೇ ದೊಡ್ಡ ಅರ್ಥಶಾಸ್ತ್ರಜ್ಞರಾದರು. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಂತು. 1850ರ ಹೊತ್ತಿಗೆ ಕೆಲವು ಹಳ್ಳಿಗಳು ತಮ್ಮ ಬಡವರಿಗೆ ಹಡಗಿನ ಖರ್ಚು ತಾವೇ ಕೊಟ್ಟು ಕಳಿಸಿದವು. ಊರಿನ ಲೆಕ್ಕದ ಪುಸ್ತಕಗಳಲ್ಲಿ ಆ ಖರ್ಚು ಇವತ್ತಿಗೂ ಕಾಣುತ್ತದೆ.

ಈಗ ಮುಖ್ಯ ಮಾತು. 1871ಕ್ಕೆ ಮೊದಲು ಜರ್ಮನಿ ಅಂತ ಒಂದು ರಾಜ್ಯವೇ ಇರಲಿಲ್ಲ. ಹತ್ತಾರು ಸಂಸ್ಥಾನಗಳಿದ್ದವು. ಯಾರು ಹುಟ್ಟಿದರು, ಯಾರು ಸತ್ತರು ಅಂತ ಬರೆದಿಟ್ಟವರು ಆಯಾ ಊರಿನ ಚರ್ಚಿನ ಪಾದ್ರಿಗಳು. ಇಡೀ ದೇಶಕ್ಕೆ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರ ಜನವರಿಯಿಂದ. ಪ್ರಷ್ಯಾ ಸಂಸ್ಥಾನದಲ್ಲಿ 1874ರ ಅಕ್ಟೋಬರ್‌ನಿಂದಲೇ, ರೈನ್ ನದಿಯ ಎಡದಂಡೆಯಲ್ಲಿ ಫ್ರೆಂಚರ ಕಾಲದಿಂದಲೇ ಇತ್ತು. ಹೀಗಾಗಿ ಮನುಷ್ಯನ ಹೆಸರು ಹಿಡಿದುಕೊಂಡು ಹೋದರೆ ಯಾವ ಬಾಗಿಲು ತಟ್ಟಬೇಕು ಅಂತಲೇ ತಿಳಿಯುವುದಿಲ್ಲ. ಊರಿನ ಹೆಸರು ಬೇಕು. ಆ ಊರಿನ ಹೆಸರು ಸಿಗುವುದು ಜರ್ಮನಿಯಲ್ಲಲ್ಲ, ಅವರು ಹೋಗಿ ನೆಲೆಸಿದ ಕಡೆ. ಎಲ್ಲರೂ ಮಾಡುವ ತಪ್ಪು ಇಲ್ಲೇ. ಮೊದಲ ದಿನವೇ ಸಮುದ್ರ ದಾಟಿಬಿಡುತ್ತಾರೆ. ನಾನೂ ದಾಟಿದ್ದೆ. ಹ್ಯಾಂಬರ್ಗ್ ಹಡಗಿನ ಪಟ್ಟಿಗಳಲ್ಲಿ ಮೂರು ವಾರ ಹುಡುಕಿದೆ. ಏನೂ ಸಿಗಲಿಲ್ಲ.

ಆಮೇಲೆ ವಾಪಸ್ ಮಿಶಿಗನ್‌ಗೆ ಬಂದೆ. ಅಮೆರಿಕದ ಜನಗಣತಿಯಿಂದ ಶುರು ಮಾಡಿದೆ. 1900ರ ಗಣತಿಯಲ್ಲಿ ಯಾವ ವರ್ಷ ದೇಶಕ್ಕೆ ಬಂದದ್ದು ಅಂತ ಕೇಳಿದ್ದಾರೆ. ಅಲ್ಲಿ 1854 ಅಂತಿತ್ತು. ಎಲ್ಲಿಸ್ ದ್ವೀಪ ತೆರೆದದ್ದು 1892ರಲ್ಲಿ. ಅಲ್ಲಿಗೆ ಮನೆಯ ಕಥೆಯ ಒಂದು ಕಾಲು ಮುರಿಯಿತು. 1860 ಮತ್ತು 1870ರ ಗಣತಿಯಲ್ಲಿ ಹುಟ್ಟಿದ ಜಾಗ ‘ವುರ್ಟೆಂಬರ್ಗ್’ ಅಂತಿತ್ತು. ಅಲ್ಲಿಗೆ ಇಡೀ ಜರ್ಮನಿ ಒಂದು ಸಂಸ್ಥಾನಕ್ಕೆ ಇಳಿಯಿತು. ಪೌರತ್ವದ ಕಾಗದ ತೆಗೆಸಿದೆವು. 1906ಕ್ಕಿಂತ ಹಿಂದಿನ ಅಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಊರು ಬರೆದಿರುವುದಿಲ್ಲ. ‘ವುರ್ಟೆಂಬರ್ಗ್ ದೊರೆಗೆ ನಿಷ್ಠೆ ಬಿಟ್ಟಿದ್ದೇನೆ’ ಅನ್ನುವಷ್ಟೇ ಇರುತ್ತದೆ. ನಮ್ಮದರಲ್ಲೂ ಅಷ್ಟೇ.

ಊರು ಸಿಕ್ಕಿದ್ದು ಚರ್ಚಿನಲ್ಲಿ. ಅಮೆರಿಕಕ್ಕೆ ಹೋದ ಜರ್ಮನರು ತಮ್ಮದೇ ಚರ್ಚು ಕಟ್ಟಿಕೊಂಡರು, ತಮ್ಮ ಭಾಷೆಯಲ್ಲೇ ದಾಖಲೆ ಬರೆದರು. ಸರ್ಕಾರಿ ಗುಮಾಸ್ತರಿಗೆ ‘ಜರ್ಮನಿ’ ಸಾಕಿತ್ತು. ಆದರೆ ಅದೇ ಸೀಮೆಯಿಂದ ಬಂದ ಪಾದ್ರಿಗೆ ಸಾಕಾಗುತ್ತಿರಲಿಲ್ಲ, ಅವರೂ ‘ಯಾವೂರು?’ ಅಂತ ಕೇಳುವವರೇ. ಬೀಗರ ಮುತ್ತಜ್ಜನನ್ನು ಮಣ್ಣು ಮಾಡಿದ ದಿನ ಪಾದ್ರಿ ಬರೆದ ಎರಡು ಸಾಲು ಇದೆ. ತೀರಿಕೊಂಡದ್ದು 1902ರ ಫೆಬ್ರವರಿ 20. ವಯಸ್ಸು 71 ವರ್ಷ, 4 ತಿಂಗಳು, 9 ದಿನ. ಹೀಗೆ ದಿನದ ಲೆಕ್ಕ ಬರೆಯುವುದು ಅವರ ಪದ್ಧತಿ. ಹಿಂದಕ್ಕೆ ಎಣಿಸಿದರೆ ಹುಟ್ಟಿದ್ದು 1830ರ ಅಕ್ಟೋಬರ್ 11. ಹೆಸರಿನ ಜಾಗದಲ್ಲಿ ಕಾರ್ಪೆಂಟರ್ ಅಂತಿಲ್ಲ, ‘ಝಿಮ್ಮರ್‌ಮಾನ್’ ಅಂತಿದೆ. ಜರ್ಮನ್‌ನಲ್ಲಿ ಬಡಗಿ ಅಂತಲೇ ಅರ್ಥ. ಮಕ್ಕಳ ಕಾಲಕ್ಕೆ ಮನೆಯವರೇ ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದರು. ಯಾವ ಅಧಿಕಾರಿಯೂ ಬದಲಾಯಿಸಿರಲಿಲ್ಲ. ಎಲ್ಲಿಸ್ ದ್ವೀಪದಲ್ಲೂ ಅಧಿಕಾರಿಗಳ ಕೈಯಲ್ಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ. ಅದನ್ನು ನೋಡಿಕೊಂಡು ಪ್ರಶ್ನೆ ಕೇಳುತ್ತಿದ್ದರು, ಹೆಸರು ಬದಲಾಯಿಸುವುದು ಅವರ ಕೆಲಸವಾಗಿರಲಿಲ್ಲ.

ಅದೇ ಸಾಲಿನ ಕೊನೆಯಲ್ಲಿ ಊರು. ನಮಗೆ ಮೊದಲು ಸಿಕ್ಕಿದ್ದು ಆ ಪುಸ್ತಕದ ಟೈಪ್ ಮಾಡಿದ ಪ್ರತಿ. ಅದರಲ್ಲಿ ‘ಡೆಟ್ಟಿಂಗನ್’, ಪಕ್ಕದಲ್ಲಿ ‘ಓವಾರಾಖ್’ ಅಂತಿತ್ತು. ಓವಾರಾಖ್ ಅನ್ನುವ ಊರಿಗಾಗಿ ನಾಲ್ಕು ತಿಂಗಳು ಹುಡುಕಿದೆವು. ಅಂಥ ಊರೇ ಇಲ್ಲ. ಕೊನೆಗೆ ಅಳಿಯಂದಿರು ಮೂಲ ಪುಟದ ಫೋಟೊ ತರಿಸಿದರು. ಅದರಲ್ಲಿ ಓ, ಚುಕ್ಕಿ, ಎ, ಚುಕ್ಕಿ, ಆಮೇಲೆ ‘ಊರಾಖ್’. ಟೈಪ್ ಮಾಡಿದವರು ಎರಡು ಚುಕ್ಕಿ ಬಿಟ್ಟು ಎಲ್ಲವನ್ನೂ ಸೇರಿಸಿಬಿಟ್ಟಿದ್ದರು. ಓ.ಎ. ಅಂದರೆ ಓಬರ್‌ಆಮ್ಟ್. ವುರ್ಟೆಂಬರ್ಗ್‌ನಲ್ಲಿ ನಮ್ಮ ತಾಲ್ಲೂಕಿನ ಹಾಗೆ ಒಂದು ಆಡಳಿತದ ಭಾಗ. ಡೆಟ್ಟಿಂಗನ್, ಊರಾಖ್ ತಾಲ್ಲೂಕು. ಆ ರಾತ್ರಿ ವಿಡಿಯೊ ಕಾಲ್‌ನಲ್ಲಿ ನಾವೆಲ್ಲ ಸುಮ್ನೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು. ದಯವಿಟ್ಟು ಟೈಪ್ ಮಾಡಿದ ಪ್ರತಿಯನ್ನು ನಂಬಿ ನಿಲ್ಲಬೇಡಿ. ಮೂಲ ಪುಟವನ್ನು ಕಣ್ಣಾರೆ ನೋಡಿ.

ತಾಲ್ಲೂಕು ಯಾಕೆ ಅಷ್ಟು ಮುಖ್ಯ ಅಂತೀರಾ? ನಮ್ಮಲ್ಲಿ ಹೊಸಹಳ್ಳಿ ಎಷ್ಟಿವೆ, ರಾಮಪುರ ಎಷ್ಟಿವೆ? ಹಾಗೆಯೇ ಡೆಟ್ಟಿಂಗನ್. ಊರಾಖ್ ಹತ್ತಿರ ಎರ್ಮ್ಸ್ ನದಿಯ ದಂಡೆಯಲ್ಲಿ ಒಂದು, ಟೆಕ್ ಬೆಟ್ಟದ ಕೆಳಗೆ ಒಂದು, ಹೈಡನ್‌ಹೈಮ್ ಕಡೆ ಒಂದು, ಮೈನ್ ನದಿಯ ಮೇಲೆ ಬವೇರಿಯಾದಲ್ಲಿ ಒಂದು, ಕಾನ್‌ಸ್ಟಾನ್ಸ್ ಸರೋವರದ ಹತ್ತಿರ ಇನ್ನೊಂದು. ಇವನ್ನು ಬೇರೆ ಬೇರೆ ಮಾಡಿ ನೋಡಲು ಮೇಯರ್ ಅವರ ಊರುಗಳ ಕೋಶ ಇದೆ, 1912ರ ಹೊತ್ತಿನದು. ಜರ್ಮನ್ ಸಾಮ್ರಾಜ್ಯದ ಎರಡು ಲಕ್ಷಕ್ಕೂ ಜಾಸ್ತಿ ಊರುಗಳು ಅದರಲ್ಲಿವೆ. ಸಣ್ಣ ಕೇರಿಗಳೂ ಇವೆ. ಯಾವ ತಾಲ್ಲೂಕು, ಊರಲ್ಲೇ ಚರ್ಚು ಇತ್ತಾ, ಇವೆಲ್ಲ ಸಿಗುತ್ತವೆ. ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು.

ಹಡಗಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ಎಲ್ಲರಿಗೂ ಹಡಗಿನ ಮೇಲೆ ಆಸೆ. ಹ್ಯಾಂಬರ್ಗ್ ಪಟ್ಟಿಗಳು 1850ರಿಂದ 1934ರ ತನಕ ಹೆಚ್ಚುಕಡಿಮೆ ಪೂರ್ತಿ ಉಳಿದಿವೆ. ಪ್ರಯಾಣಿಕರ ಊರು ಬರೆದಿರುವುದು ಅವುಗಳ ದೊಡ್ಡ ಗುಣ. ಎರಡು ಥರದ ಪಟ್ಟಿ ಇದೆ, ನೆನಪಿಡಿ. ನೇರ ಹೋದವರದು ಒಂದು. ಇಂಗ್ಲೆಂಡಿನ ಹಲ್‌ನಲ್ಲಿ ಇಳಿದು, ರೈಲಿನಲ್ಲಿ ಲಿವರ್‌ಪೂಲ್‌ಗೆ ಹೋಗಿ, ಅಲ್ಲಿಂದ ಮತ್ತೆ ಹಡಗು ಹಿಡಿದವರದು ಇನ್ನೊಂದು. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದನ್ನು ನೋಡಿ.

ಬ್ರೆಮೆನ್ ಕಥೆ ಹೇಳುವಾಗ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ. ಲಕ್ಷಗಟ್ಟಲೆ ಜನ ಹೊರಟ ಬಂದರು ಅದು. 1832ರಿಂದಲೇ ಪ್ರತಿ ಹಡಗಿನ ಪಟ್ಟಿ ಬರೆದಿಡಬೇಕು ಅಂತ ಕಾನೂನಿತ್ತು, ಬರೆದಿಟ್ಟರು ಕೂಡ. ಆಮೇಲೆ 1870ರ ದಶಕದಲ್ಲಿ, ಇಡಲು ಜಾಗವಿಲ್ಲ ಅಂತ ಹಳೆಯವನ್ನು ನಾಶ ಮಾಡಿದರು. ಮುಂದೆಯೂ ಕೆಲವೇ ವರ್ಷದ್ದು ಇಟ್ಟುಕೊಂಡು ಮಿಕ್ಕಿದ್ದನ್ನು ತೆಗೆಯುತ್ತಾ ಬಂದರು. ಉಳಿದಿದ್ದವು 1944ರ ಬಾಂಬ್ ದಾಳಿಯಲ್ಲಿ ಸುಟ್ಟವು. ಆದರೆ 1920ರಿಂದ 1939ರ ಸುಮಾರು ಮೂರು ಸಾವಿರ ಪಟ್ಟಿಗಳನ್ನು ಯುದ್ಧದ ನಡುವೆ ಬರ್ನ್‌ಬುರ್ಗ್ ಹತ್ತಿರದ ಒಂದು ಉಪ್ಪಿನ ಗಣಿಯೊಳಗೆ ಇಟ್ಟಿದ್ದರು. ಅವು ಯುದ್ಧದ ಕೊನೆಗೆ ಮಾಸ್ಕೋಗೆ ಹೋದವು. ದಶಕಗಳ ಮೇಲೆ ವಾಪಸ್ ಬಂದವು. ‘ದಿ ಮೌಸ್’ ಅನ್ನುವ ಬ್ರೆಮೆನ್‌ನ ವಂಶಾವಳಿ ಸಂಘದವರು ಒಂದೊಂದೇ ಹೆಸರು ಓದಿ ಎಲ್ಲರಿಗೂ ಸಿಗುವಂತೆ ಮಾಡಿದರು. ಲೈಬ್ರರಿಯಲ್ಲಿ ‘ಜಾಗ ಇಲ್ಲ, ತೂಕಕ್ಕೆ ಹಾಕಿ’ ಅನ್ನುವ ಮಾತನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಆ ಸಂಘದ ಸ್ವಯಂಸೇವಕರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ನಮ್ಮ ಮುತ್ತಜ್ಜ ಇವೆರಡರಲ್ಲೂ ಇರಲಿಲ್ಲ. ನೈರುತ್ಯ ಜರ್ಮನಿಯವರಿಗೆ ಹ್ಯಾಂಬರ್ಗ್ ದೂರ. ಎಷ್ಟೋ ಜನ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಹೋಗುತ್ತಿದ್ದರು. ಅಮೆರಿಕದ ಹತ್ತಿ ಅಲ್ಲಿಗೆ ಬರುತ್ತಿತ್ತು, ವಾಪಸ್ ಹೋಗುವ ಹಡಗು ಜನರನ್ನು ತುಂಬಿಕೊಳ್ಳುತ್ತಿತ್ತು. ಅಲ್ಲಿಂದ ಹೊರಟವರ ಪಟ್ಟಿ ಹೆಚ್ಚಿನದು ಉಳಿದಿಲ್ಲ. ಆದರೆ 1820ರಿಂದ ಅಮೆರಿಕದ ಬಂದರುಗಳಲ್ಲಿ ಕಸ್ಟಮ್ಸ್‌ನವರು ಇಳಿದವರ ಪಟ್ಟಿ ಪಡೆಯುತ್ತಿದ್ದರು. ಅದರಲ್ಲಿ ಸಿಕ್ಕಿದರು. 1854, ನ್ಯೂಯಾರ್ಕ್, ವಯಸ್ಸು 24, ಕಸುಬು ಬಡಗಿ, ಹಡಗು ಬಂದದ್ದು ಹಾವ್ರ್‌ನಿಂದ. ಊರಿಲ್ಲ. ಹಡಗಿನಿಂದ ಊರಿಗೆ ಹೋಗಲು ಆಗುತ್ತಲೇ ಇರಲಿಲ್ಲ, ಊರು ಗೊತ್ತಿದ್ದರಿಂದ ಇದು ಅವರೇ ಅಂತ ಹೇಳಲು ಆಯಿತು.

ಇನ್ನು ಚರ್ಚಿನ ಪುಸ್ತಕ. ಪ್ರೊಟೆಸ್ಟೆಂಟ್ ಊರಾದರೆ ‘ಆರ್ಕಿಯಾನ್’, ಕ್ಯಾಥೊಲಿಕ್ ಊರಾದರೆ ‘ಮೆಟ್ರಿಕುಲಾ’ ಅನ್ನುವ ವೆಬ್‌ಸೈಟ್ ನೋಡಿ. ಮೊದಲನೆಯದಕ್ಕೆ ದುಡ್ಡು ಕೊಡಬೇಕು, ಎರಡನೆಯದು ಪುಕ್ಕಟೆ. ‘ಫ್ಯಾಮಿಲಿಸರ್ಚ್’ನಲ್ಲೂ ಬಹಳ ಇವೆ. ಅದನ್ನು ನಡೆಸುವ ಮಾರ್ಮನ್ ಚರ್ಚಿನವರು ಲೋಕದ ಮೂಲೆ ಮೂಲೆಯ ಪುಸ್ತಕಗಳ ಮೈಕ್ರೋಫಿಲ್ಮ್ ಮಾಡಿಸಿ ಯೂಟಾದ ಒಂದು ಗ್ರಾನೈಟ್ ಬೆಟ್ಟದೊಳಗೆ ಇಟ್ಟಿದ್ದಾರೆ. 1618ರಿಂದ 48ರ ತನಕ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಎಷ್ಟೋ ಊರಿನ ಪುಸ್ತಕ ಸುಟ್ಟುಹೋಗಿವೆ, ಅದಕ್ಕಿಂತ ಹಿಂದಕ್ಕೆ ಹೋಗುವುದು ಅದೃಷ್ಟ.

ಪುಸ್ತಕ ತೆರೆದರೆ ಎದುರಾಗುವುದು ಕುರೆಂಟ್ ಎಂಬ ಹಳೆಯ ಕೈಬರಹ. ಇವತ್ತಿನ ಜರ್ಮನರಲ್ಲೂ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ಹೇಳಬೇಕೆಂದರೆ, ಮನೆಯ ಅಟ್ಟದ ಮೇಲಿರುವ ಮೋಡಿ ಲಿಪಿಯ ಕಾಗದದ ಥರ. ‘ಇ’ ಅಕ್ಷರ ‘ಎನ್’ ಹಾಗೆ ಕಾಣುತ್ತದೆ. ‘ಯು’ ಮತ್ತು ‘ಎನ್’ ಒಂದೇ ಥರ, ‘ಯು’ ತಲೆಯ ಮೇಲೆ ಒಂದು ಕೊಂಕು ಇರುತ್ತದೆ, ಅಷ್ಟೇ ವ್ಯತ್ಯಾಸ. ಹೆಂಗಸರ ಮನೆತನದ ಹೆಸರಿಗೆ ‘ಇನ್’ ಸೇರುತ್ತದೆ, ಮ್ಯುಲರ್ ಮನೆಯವಳು ಮ್ಯುಲರಿನ್. ಗಂಡು ಮಕ್ಕಳೆಲ್ಲ ಯೊಹಾನ್. ಯೊಹಾನ್ ಗೆಯೋರ್ಗ್, ಯೊಹಾನ್ ಮಾರ್ಟಿನ್, ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಅಂದಹಾಗೆ, ನಮ್ಮ ಕಿಟ್ಟೆಲ್ ಅವರು ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಮನೆತನದ ಹೆಸರೇ ಇರುತ್ತಿರಲಿಲ್ಲ. ಅಪ್ಪನ ಹೆಸರೇ ಮಗನ ಹೆಸರಿನ ಹಿಂದೆ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಹಾಗೆ. ಒಂದು ಹೆಸರು ಗಟ್ಟಿ ಮಾಡಿಕೊಳ್ಳಿ ಅಂತ 1811ರಲ್ಲಿ ನೆಪೋಲಿಯನ್ ಆಳ್ವಿಕೆಯವರು ಹುಕುಂ ಮಾಡಿದರು.

ವುರ್ಟೆಂಬರ್ಗ್‌ನವರಿಗೆ ಒಂದು ಭಾಗ್ಯ ಇದೆ. 1808ರಿಂದ ಅಲ್ಲಿಯ ಪಾದ್ರಿಗಳು ಕುಟುಂಬದ ಪುಸ್ತಕ ಇಟ್ಟರು. ಒಂದು ಸಂಸಾರಕ್ಕೆ ಒಂದು ಪುಟ. ಮೇಲೆ ಗಂಡ ಹೆಂಡತಿ, ಅವರ ಅಪ್ಪ ಅಮ್ಮ. ಕೆಳಗೆ ಮಕ್ಕಳು ಸಾಲಾಗಿ. ನಮ್ಮ ಪುಟದಲ್ಲಿ ಒಂಬತ್ತು ಮಕ್ಕಳಿದ್ದಾರೆ. ನಾಲ್ಕರ ಮುಂದೆ ಶಿಲುಬೆ ಗುರುತು, ಒಂದೂ ಐದು ವರ್ಷ ದಾಟಿಲ್ಲ. ಮೂರನೆಯ ಮಗುವಿನ ಮುಂದೆ ‘11. 8ಬರ್ 1830’. ನಾನು ಎಂಟನೆಯ ತಿಂಗಳು, ಆಗಸ್ಟ್ ಅಂದುಕೊಂಡೆ. ದಿನ ಸರಿಹೋಗುತ್ತದೆ, ತಿಂಗಳು ಹೋಗುತ್ತಿಲ್ಲ, ಇದು ಬೇರೆ ಯಾರೋ ಅಂತ ಪುಟ ಮುಚ್ಚಿದ್ದೆ. ‘ಆಕ್ಟೊ’ ಅಂದರೆ ಲ್ಯಾಟಿನ್‌ನಲ್ಲಿ ಎಂಟು. 8ಬರ್ ಅಂದರೆ ಆಕ್ಟೊಬರ್! 7ಬರ್ ಸೆಪ್ಟೆಂಬರ್, 9ಬರ್ ನವೆಂಬರ್. ಮತ್ತೆ ಅದೇ ಪುಟ ತೆರೆದಾಗ ಸಾಲಿನ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಎರಡು ಪದ ಇತ್ತು: ‘ನಾಖ್ ಅಮೇರಿಕಾ’. ಅಮೆರಿಕಕ್ಕೆ. ಪಕ್ಕದಲ್ಲಿ 1854.

ಆ ಎರಡು ಪದ ಬರೆಯುವ ಮುಂಚೆ ಬಹಳ ನಡೆದಿರುತ್ತದೆ. ವುರ್ಟೆಂಬರ್ಗ್ ಬಿಡುವವರು ಅರ್ಜಿ ಹಾಕಬೇಕಿತ್ತು, ಊರಿನ ಹಕ್ಕು ಬಿಟ್ಟುಕೊಡಬೇಕಿತ್ತು. ಸಾಲ ಇದ್ದರೆ ಅಂತ ಒಂದು ವರ್ಷಕ್ಕೆ ಜಾಮೀನು ನಿಲ್ಲಲು ಒಬ್ಬರು ಬೇಕಿತ್ತು. ಆ ಕಡತಗಳು ಲುಡ್ವಿಗ್ಸ್‌ಬುರ್ಗ್ ಮತ್ತು ಸಿಗ್ಮರಿಂಗನ್‌ನ ಸರ್ಕಾರಿ ಪತ್ರಾಗಾರಗಳಲ್ಲಿವೆ. ಬಾಡೆನ್-ವುರ್ಟೆಂಬರ್ಗ್ ಪತ್ರಾಗಾರದವರು ವಲಸೆ ಹೋದವರ ಹೆಸರಿನ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಜಾಮೀನು ನಿಂತವರು ಹೆಚ್ಚಾಗಿ ಹತ್ತಿರದ ನೆಂಟರೇ ಆಗಿರುತ್ತಾರೆ, ಆ ಹೆಸರನ್ನೂ ಬರೆದುಕೊಳ್ಳಿ.

ಎಲ್ಲರೂ ಅರ್ಜಿ ಹಾಕಿ ಹೋದವರಲ್ಲ. ಸೈನ್ಯಕ್ಕೆ ಸೇರುವ ವಯಸ್ಸಿನ ಹುಡುಗರು ಎಷ್ಟೋ ಜನ ಹೇಳದೆ ಕೇಳದೆ ಹೊರಟರು. ಪಾಲಟಿನೇಟ್‌ನ ಕಾಲ್‌ಸ್ಟಾಟ್ ಊರಿನ ಫ್ರೆಡ್ರಿಕ್ ಟ್ರಂಪ್ ಹಾಗೆ ಹೋದವರು. ಈಗಿನ ಅಧ್ಯಕ್ಷರ ಅಜ್ಜ. 1885ರಲ್ಲಿ 16ರ ವಯಸ್ಸಿಗೆ ಬ್ರೆಮೆನ್‌ನಿಂದ ಹೋದರು. ದುಡ್ಡು ಮಾಡಿ ಹೆಂಡತಿ ಜೊತೆ ವಾಪಸ್ ಬಂದಾಗ, ಸೈನ್ಯ ತಪ್ಪಿಸಿದ್ದಕ್ಕೆ ಊರು ಬಿಡಿ ಅಂತ ಆದೇಶ ಬಂತು. ಇರಲು ಬಿಡಿ ಅಂತ 1905ರಲ್ಲಿ ಬವೇರಿಯಾದ ಆಡಳಿತಗಾರ ರಾಜಕುಮಾರನಿಗೆ ಬರೆದುಕೊಂಡ ಪತ್ರ ಪತ್ರಾಗಾರದಲ್ಲಿ ಸಿಕ್ಕಿದೆ. ಹೋಗುವಾಗ ಕಾಗದ ಹುಟ್ಟದಿದ್ದರೂ, ಬರುವಾಗ ಹುಟ್ಟಿತು ನೋಡಿ.

ಹೆಚ್ಚಿನವರು ಒಬ್ಬಂಟಿಯಾಗಿ ಹೋಗಲಿಲ್ಲ ಅನ್ನುವುದನ್ನೂ ಮರೆಯಬೇಡಿ. ನಮ್ಮ ಉಡುಪಿಯವರು ಮುಂಬೈಗೆ ಹೋದ ಹಾಗೆ, ಒಬ್ಬರು ಹೋಗಿ ಹೋಟೆಲಿನಲ್ಲಿ ನಿಂತರೆ ಹಿಂದೆಯೇ ಅರ್ಧ ಊರು. ಆನ್ ಆರ್ಬರ್ ಸುತ್ತ 1830ರ ದಶಕದಿಂದ ಬಂದು ಸೇರಿದ ಜರ್ಮನರಲ್ಲಿ ಹೆಚ್ಚಿನವರು ವುರ್ಟೆಂಬರ್ಗ್‌ನವರೇ. ತಮಗೊಬ್ಬ ಪಾದ್ರಿ ಬೇಕು ಅಂತ ಅವರು ಎಲ್ಲಿಗೆ ಬರೆದರು ಗೊತ್ತಾ? ಬಾಸೆಲ್ ಮಿಷನ್ನಿಗೆ! 1833ರಲ್ಲಿ ಬಾಸೆಲ್‌ನವರು ಫ್ರೆಡ್ರಿಕ್ ಶ್ಮಿಡ್ ಅವರನ್ನು ಮಿಶಿಗನ್‌ಗೆ ಕಳಿಸಿದರು. ಮಾರನೆಯ ವರ್ಷ, 1834ರಲ್ಲಿ, ಅದೇ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದು ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಕೂಡ ವುರ್ಟೆಂಬರ್ಗ್‌ನ ಬ್ರಾಕನ್‌ಹೈಮ್ ಊರಿನವರು. ಇದನ್ನು ಓದಿದ ದಿನ ಬೀಗರಿಗೆ ಫೋನ್ ಮಾಡಿ ಹೇಳಿದೆ. ನಿಮ್ಮ ಮುತ್ತಜ್ಜ ಹೋಗಿ ನೆಲೆಸಿದ ಸೀಮೆಯ ಪಾದ್ರಿಗಳೂ, ನಮ್ಮ ಭಾಷೆಯ ಮೊದಲ ಪತ್ರಿಕೆ ಮಾಡಿದವರೂ ಒಂದೇ ಮನೆಯಲ್ಲಿ ಪಾಠ ಕಲಿತವರು ಅಂತ.

ಕರ್ನಾಟಕಕ್ಕೆ ಬಂದ ಜರ್ಮನರ ಬಗ್ಗೆ ಯಾರಿಗಾದರೂ ಆಸಕ್ತಿ ಇದ್ದರೆ ಬಾಸೆಲ್ ಮಿಷನ್ನಿನ ಪತ್ರಾಗಾರದಿಂದಲೇ ಶುರು ಮಾಡಿ. ಅದರ ಹಳೆಯ ಫೋಟೊಗಳು ಇಂಟರ್‌ನೆಟ್ಟಿನಲ್ಲಿ ಇಲ್ಲಿಂದಲೇ ನೋಡಲು ಸಿಗುತ್ತವೆ. ಮಂಗಳೂರಿನ ಬಲ್ಮಠದಲ್ಲೂ ಒಂದು ಸಂಗ್ರಹ ಇದೆ.

ಹೋದ ವರ್ಷ ಬೀಗರು ಡೆಟ್ಟಿಂಗನ್‌ಗೆ ಹೋಗಿ ಬಂದರು. ಮೊದಲು ಹೋದದ್ದು ಸ್ಮಶಾನಕ್ಕೆ. ಹಳೆಯ ಕಲ್ಲು ಒಂದೂ ಇಲ್ಲ. ಅವರಿಗೆ ಬಹಳ ನೋವಾಯಿತು. ಜರ್ಮನಿಯಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷಕ್ಕೆ ಮಾತ್ರ. ಅವಧಿ ಮುಗಿದು ಯಾರೂ ಮುಂದುವರಿಸದಿದ್ದರೆ ಕಲ್ಲು ತೆಗೆದು ಇನ್ನೊಬ್ಬರಿಗೆ ಕೊಡುತ್ತಾರೆ. ಅಮೆರಿಕದಿಂದ ಹೋಗುವವರಿಗೆ ಇದನ್ನು ಮೊದಲೇ ಹೇಳಿ ಕಳಿಸಿ. ಬೀಗರು ಆಮೇಲೆ ಊರಾಚೆ ಚೆರ್ರಿ ತೋಟಗಳ ನಡುವೆ ನಡೆದು ಬಂದರಂತೆ. ಅಲ್ಲಿಂದ ಒಂದು ಫೋಟೊ ಕಳಿಸಿದರು. ಮೊಮ್ಮಗಳು ಅದನ್ನು ಆ ಚೌಕದ ಪಕ್ಕ ಅಂಟಿಸಿ, ‘ಜರ್ಮನಿ’ ಅಳಿಸಿ, ಹೆಸರು ಬರೆದು, ಕೆಳಗೆ ‘ಡೆಟ್ಟಿಂಗನ್, ಊರಾಖ್ ತಾಲ್ಲೂಕು’ ಅಂತ ಕನ್ನಡದಲ್ಲೇ ಬರೆದಿದ್ದಾಳೆ.

ಆ ಕುಟುಂಬದ ಪುಟದಲ್ಲಿ ಇನ್ನೊಂದು ಸಾಲು ಇದೆ. ಏಳನೆಯ ಮಗು, ಅಣ್ಣನಿಗಿಂತ ಎಂಟು ವರ್ಷ ಚಿಕ್ಕವಳು. ಅವಳ ಮುಂದೆಯೂ ‘ನಾಖ್ ಅಮೇರಿಕಾ’ ಅಂತಿದೆ, ವರ್ಷ ಇಲ್ಲ. ಮದುವೆಯಾಗಿ ಮನೆತನದ ಹೆಸರು ಬದಲಾಗಿರಬೇಕು, ಹಾಗಾಗಿ ಗಣತಿಯಲ್ಲಿ ಸಿಗುತ್ತಿಲ್ಲ. ಮಿಶಿಗನ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅಣ್ಣನ ಮಕ್ಕಳಿಗೆ ಯಾರು ಯಾರು ಧರ್ಮಮಾತೆಯಾಗಿ ನಿಂತರು ಅಂತ ಬರೆದಿರುತ್ತಾರೆ. ಆ ಹೆಂಗಸರ ಹೆಸರುಗಳನ್ನು ಈಗ ಒಂದೊಂದಾಗಿ ಓದುತ್ತಿದ್ದೇನೆ. 1861ರ ತನಕ ಬಂದಿದ್ದೇನೆ.